ಮಾವನ ನಾಟಕಗಳು ಮತ್ತು ಒಂದು ಸೀರಿಯಲ್ ಕೇಬಲ್

ಮಂಡ್ಯ, 14 ಜನವರಿ 2024, ಭಾನುವಾರ

ಸೋದರಮಾವನ ಮನೆಯ 486 ಕಂಪ್ಯೂಟರ್ ಇನ್ನೂ ಆನ್ ಆಗುತ್ತದೆ. ಇರುವುದು ಹಳೇ ಕಾಲದ ಆಪರೇಟಿಂಗ್ ಸಿಸ್ಟಂ, ಡಾಸ್ 5. ಮಾವ ಬರೆದ ನಾಟಕಗಳೆಲ್ಲ ಅದರಲ್ಲೇ ಇವೆ, ಬೇರೆಲ್ಲೂ ಇಲ್ಲ. ಫ್ಲಾಪಿ ಡ್ರೈವ್ ಕೆಟ್ಟಿದೆ. ಯುಎಸ್‌ಬಿ ಮಾತೇ ಇಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಅಡಾಪ್ಟರ್‌ಗೆ ಹಾಕಬಹುದಲ್ವಾ ಎಂದು ಗೆಳೆಯರು ಕೇಳಿದರು. ಅಷ್ಟು ಹಳೆಯ ಡಿಸ್ಕ್‌ಗಳನ್ನು ಎಷ್ಟೋ ಅಡಾಪ್ಟರ್‌ಗಳು ಗುರುತಿಸುವುದೇ ಇಲ್ಲ. ನೆಟ್ಟಗೆ ತಿರುಗುತ್ತಿರುವ ಡಿಸ್ಕನ್ನು ಸುಮ್ನೆ ಕದಲಿಸಲು ನನಗೆ ಮನಸ್ಸೂ ಇಲ್ಲ. ಉಳಿದದ್ದು ಕೇಬಲ್ ದಾರಿ: ಅದನ್ನೂ ನನ್ನ ಹಳೆ ಲ್ಯಾಪ್‌ಟಾಪನ್ನೂ ಸೀರಿಯಲ್ ಕೇಬಲ್‌ನಿಂದ ಜೋಡಿಸಿ ಫೈಲ್ ಸಾಗಿಸುವುದು.

ಸಾಫ್ಟ್‌ವೇರ್ ಯಾವುದು? 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಬಹಳ ಗಟ್ಟಿ. ದಾರಿಯಲ್ಲಿ ಏನಾದರೂ ಕೆಟ್ಟರೆ ಅದೇ ಕಂಡುಹಿಡಿದು ಮತ್ತೆ ಕಳಿಸುತ್ತದೆ. ಆದರೆ ಕರ್ಮಿಟನ್ನು ಆ 486ರೊಳಗೆ ಹಾಕುವುದು ಹೇಗೆ? ತೊಡಕಿರುವುದೇ ಇಲ್ಲಿ. ವೇಗ, ಬಣ್ಣದ ಮೆನು ಎಲ್ಲ ಆಮೇಲಿನ ಮಾತು. ಮೊದಲು ಸಾಫ್ಟ್‌ವೇರ್ ತಾನೇ ಕೇಬಲ್ ದಾಟಿ ಹೋಗಬೇಕು. ಲ್ಯಾಪ್‌ಲಿಂಕ್ ಎಂಬ ಇನ್ನೊಂದು ಸಾಫ್ಟ್‌ವೇರ್‌ಗೆ ಹಾಗೆ ದಾಟುವುದು ಗೊತ್ತು. ಆದರೆ ಅದನ್ನು ಎಲ್ಲಿಂದಲೋ ಹುಡುಕಿ ತರಬೇಕು.

ಇಂಟರ್‌ಲಿಂಕ್ ಹಾಗಲ್ಲ. 1993ರಲ್ಲಿ ಡಾಸ್ 6 ಜೊತೆಗೇ ಬಂತು. ನನ್ನ ಹಳೆ ಲ್ಯಾಪ್‌ಟಾಪ್‌ನ ಡಾಸ್ 6.22ರಲ್ಲಿ ಆಗಲೇ ಇದೆ. ಅದರ ಜೋಡಿ ಪ್ರೋಗ್ರಾಂ ಇಂಟರ್‌ಸರ್ವ್. ಲ್ಯಾಪ್‌ಟಾಪ್‌ನಲ್ಲಿ 'ಇಂಟರ್‌ಸರ್ವ್ /ಆರ್‌ಕಾಪಿ' ಎಂದು ಕೊಡಬೇಕು. ಮಾವನ ಕಂಪ್ಯೂಟರಿನಲ್ಲಿ ಎರಡೇ ಸಾಲು: ಕೇಬಲ್ ಸಿಕ್ಕಿಸಿದ ಸೀರಿಯಲ್ ಪೋರ್ಟನ್ನು (ಕಾಮ್1) 2400 ಬಿಟ್ ವೇಗಕ್ಕೆ ಇಡಲು 'ಮೋಡ್', ಆಮೇಲೆ 'ಸಿಟಿಟಿವೈ ಕಾಮ್1'. ಎರಡನೇ ಸಾಲು ಒತ್ತಿದ್ದೇ ತಡ, ಅದರ ಕೀಬೋರ್ಡ್ ಸ್ತಬ್ಧ. ಅಲ್ಲಿಂದ ಕಂಪ್ಯೂಟರ್ ಕೇಬಲ್‌ನ ಮಾತು ಮಾತ್ರ ಕೇಳುತ್ತದೆ, ಇಂಟರ್‌ಲಿಂಕ್, ಇಂಟರ್‌ಸರ್ವ್ ಎರಡೂ ಫೈಲ್ ಆ ದಾರಿಯಲ್ಲೇ ಒಳಗೆ ಇಳಿಯುತ್ತವೆ. ಮೂರು ತಂತಿಯ ಕೇಬಲ್ ಇದಕ್ಕೆ ಸಾಲದು, ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸುವ ಏಳು ತಂತಿಯ ನಲ್ ಮೋಡೆಮ್ ಕೇಬಲ್ಲೇ ಬೇಕು.

ಇನ್ನೊಂದು ಅನುಕೂಲ ನನಗೆ ತುಂಬಾ ಹಿಡಿಸಿತು. ಮಾವನ ಕಂಪ್ಯೂಟರಿನಲ್ಲಿ ಇಂಟರ್‌ಸರ್ವ್ ಓಡಿಸಿದರೆ ಸಾಕು, ಆನ್ ಆಗುವಾಗ ಅದು ಓದುವ ಕಾನ್‌ಫಿಗ್ ಫೈಲ್ ಮುಟ್ಟಬೇಕಿಲ್ಲ. ಇಂಟರ್‌ಲಿಂಕ್‌ನ ಡ್ರೈವರ್ ಸಾಲು ಸೇರಿಸುವುದು ನನ್ನ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಮಾವನ ಡಿಸ್ಕ್ ಹೊಸ ಡ್ರೈವ್ ಅಕ್ಷರವಾಗಿ ಕಾಣಿಸುತ್ತದೆ, ಮಾಮೂಲಿ ಕಾಪಿ ಮಾಡಿದರಾಯಿತು. 1,15,200 ಬಿಟ್ ವೇಗದಲ್ಲೂ ಒಂದು ಎಂಬಿಗೆ ಒಂದೂವರೆ ನಿಮಿಷ ಹಿಡಿಯುತ್ತದೆ. ನಾಟಕಗಳಿಗೆ ಅದು ಧಾರಾಳ.

ಮಾವ ಬರೆದದ್ದು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಜಿಸ್ಟ್ ಕಾರ್ಡ್ ಹಾಕಿಕೊಂಡು. ಅಂದರೆ ಫೈಲ್‌ಗಳು ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿಯಾದ ಇಸ್ಕಿಯಲ್ಲಿವೆ, ಒಂದೊಂದು ಬೈಟ್‌ನ ಎಂಟೂ ಬಿಟ್ ಹಾಗ್ಹಾಗೇ ಬರಬೇಕು. ಡ್ರೈವ್‌ನಿಂದ ಡ್ರೈವ್‌ಗೆ ಕಾಪಿ ಮಾಡಿದರೆ ಆ ಭಯವಿಲ್ಲ. ಈಗ ಎಲ್ಲೆಡೆ ಬಳಸುವ ಯೂನಿಕೋಡಿನ ಕನ್ನಡ ಜೋಡಣೆ ಇಸ್ಕಿಯನ್ನೇ ಆಧರಿಸಿದ್ದು, ಹಾಗಾಗಿ ಪರಿವರ್ತನೆ ಜಾಸ್ತಿ ಕಷ್ಟವಾಗದು. ಅದನ್ನು ಮೈಸೂರಿಗೆ ಹೋದ ಮೇಲೆ ಮಾಡುತ್ತೇನೆ.