ಎಂಜಿನ್‌ಗೆ ತೂತು ಕೊರೆದರೆ ದುಡ್ಡು

ನಮ್ಮ ಮಾವನ ಲಾರಿ 2006ರ ಮಾಡೆಲ್, ಹತ್ತು ಚಕ್ರದ್ದು. ಕಬ್ಬಿನ ಸೀಸನ್ ಬಂದರೆ ಮಂಡ್ಯದ ಸುತ್ತ ಕಬ್ಬು ಹೊಡೆಯುತ್ತದೆ, ಉಳಿದ ತಿಂಗಳು ಇಟ್ಟಿಗೆಯೋ ಜಲ್ಲಿಯೋ, ಸಿಕ್ಕಿದ್ದು. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿದರೆ ಪಕ್ಕದ ಮನೆ ಅಜ್ಜಿ ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಾರೆ.

ಮೊನ್ನೆ ಮಾವ ಕೇಳಿದರು: "ಹಳೆ ಗಾಡಿ ಕೊಟ್ರೆ ಗೌರ್ಮೆಂಟು ದುಡ್ಡು ಕೊಡುತ್ತಂತಲ್ಲ, ಸ್ವಲ್ಪ ನೋಡೋ." ನೋಡಲು ಕೂತೆ. ಮಂಡ್ಯದಿಂದ ಶುರುವಾಗಿ ಕ್ಯಾಲಿಫೋರ್ನಿಯಾ ತಲುಪಿದೆ.

ಅಲ್ಲಿ ಹಳೆ ಎಂಜಿನ್ ಬದಲಿಸೋಕೆ ದುಡ್ಡು ಕೊಡೋ ಕಾರ್ಲ್ ಮೋಯರ್ ಅನ್ನೋ ಯೋಜನೆ 1998ರಿಂದ ನಡೆಯುತ್ತಿದೆ. ನಿಯಮ ಮಾಡೋದು ರಾಜ್ಯದ ವಾಯು ಮಂಡಳಿ, ಆದರೆ ಅರ್ಜಿ ತಗೊಂಡು ದುಡ್ಡು ಕೊಡೋದು ವಾಯು ಜಿಲ್ಲೆಗಳು, ಅಂದರೆ ಗಾಳಿಯ ಮಾಲಿನ್ಯ ನೋಡಿಕೊಳ್ಳೋ ಸ್ಥಳೀಯ ಸಂಸ್ಥೆಗಳು. ಅಂಥ ಜಿಲ್ಲೆಗಳು 35 ಇವೆ. ಲಾರಿ, ಟ್ರ್ಯಾಕ್ಟರ್, ದೋಣಿ, ಹೊಲದ ಪಂಪಿನ ಡೀಸೆಲ್ ಎಂಜಿನ್, ಎಲ್ಲದಕ್ಕೂ ಇದೆ. ಕಾನೂನು ಹೇಗೂ ಕಡ್ಡಾಯ ಮಾಡಿರೋ ಬದಲಾವಣೆಗೆ ಕಾಸಿಲ್ಲ. ಅದಕ್ಕಿಂತ ಮುಂಚೆ, ನೀವಾಗಿ ಬದಲಿಸಿದರೆ ಮಾತ್ರ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಷರತ್ತು. ಹಳೆ ಎಂಜಿನ್ ಸಾಯಲೇಬೇಕು. ಅಮೆರಿಕದ ಕೇಂದ್ರ ಸರ್ಕಾರದ್ದೂ ಇಂಥದ್ದೇ ಒಂದು ಯೋಜನೆ ಇದೆ, 2005ರ ಕಾನೂನಿನಿಂದ ಬಂದಿದ್ದು, ಡೆರಾ ಅಂತಾರೆ. ಅದರಲ್ಲಂತೂ ಎಂಜಿನ್ ಬ್ಲಾಕಿಗೆ 3 ಇಂಚಿನ ತೂತು ಕೊರೆಯಬೇಕು, ಚಾಸಿಯನ್ನು ಅಡ್ಡಕ್ಕೆ ಕೊಯ್ಯಬೇಕು, ಫೋಟೊ ತೆಗೆದು ಕಳಿಸಬೇಕು.

ಮೊದಲು ಓದಿದಾಗ ಹೊಟ್ಟೆ ಉರಿಯಿತು, ಓಡೋ ಎಂಜಿನ್ ಸುಮ್ನೆ ಹಾಳು ಮಾಡೋದಾ ಅಂತ. ಆಮೇಲೆ ನಮ್ಮೂರು ನೆನಪಾಯಿತು. ಇಲ್ಲಿ ಲಾರಿಗೆ ಸಾವೇ ಇಲ್ಲ. ಒಬ್ಬರು ಮಾರುತ್ತಾರೆ, ಅದು ಇಟ್ಟಿಗೆ ಗೂಡಿಗೆ ಹೋಗುತ್ತದೆ, ಅಲ್ಲಿಂದ ನೀರಿನ ಟ್ಯಾಂಕರ್ ಆಗುತ್ತದೆ, ಕೊನೆಗೆ ಬಾಡಿ ಗುಜರಿಗೆ ಹೋದರೂ ಎಂಜಿನ್ ಮಾತ್ರ ಬೇರೆ ಯಾವುದಾದರೂ ಗಾಡಿಯ ಹೊಟ್ಟೆ ಸೇರಿ ಅದೇ ಹೊಗೆ ಬಿಡುತ್ತಾ ಕೂರುತ್ತದೆ. ಹೊಸ ಗಾಡಿಗೆ ಸಹಾಯಧನ ಕೊಟ್ಟು ಹಳೆಯದನ್ನು ಬಿಟ್ಟರೆ ಹೊಗೆಯ ವಿಳಾಸ ಬದಲಾಗುತ್ತದೆ, ಅಷ್ಟೇ ಅಲ್ವಾ?

ಹಳೆ ಎಂಜಿನ್ನಿಗೂ ಹೊಸದಕ್ಕೂ ಹೊಗೆಯ ವ್ಯತ್ಯಾಸ ಚಿಕ್ಕದೇನೂ ಅಲ್ಲ. ನಮ್ಮ ದೇಶದಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕೋ ಮಾನದಂಡಕ್ಕೆ ಬಿಎಸ್ (ಭಾರತ್ ಸ್ಟೇಜ್) ಅಂತಾರೆ, ಮಾವನದು ಬಿಎಸ್-2 ಕಾಲದ ಗಾಡಿ. ಆ ಮಾನದಂಡದಲ್ಲಿ ಎಂಜಿನ್ ಒಂದು ಕಿಲೋವಾಟ್-ಗಂಟೆ ಕೆಲಸ ಮಾಡಿದರೆ 0.15 ಗ್ರಾಂ ಮಸಿ ಬಿಡಬಹುದಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6ರಲ್ಲಿ ಅದು 0.01 ಗ್ರಾಂ. ಕಾಗದದ ಮೇಲೇ ಹದಿನೈದು ಪಟ್ಟು. ಇಪ್ಪತ್ತು ವರ್ಷ ಸವೆದ ಪಂಪು, ನಾಜಲ್ಲು ಸೇರಿಸಿದರೆ ಇನ್ನೆಷ್ಟೋ.

ಹಾಗಾದರೆ ನಮ್ಮಲ್ಲಿ ಏನಿದೆ? 2021ರ ಸ್ಕ್ರ್ಯಾಪ್ ನೀತಿ ಇದೆ. ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಂದರೆ ಹೊಸ ವಾಣಿಜ್ಯ ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ಕೊಡಬಹುದು ಅಂತಿದೆ. ಎಲೆಕ್ಟ್ರಿಕ್ ವಾಹನಗಳಿಗೆ ಕೇಂದ್ರ ಸರ್ಕಾರ ಮಾಡಿರೋ ಪಿಎಂ ಇ-ಡ್ರೈವ್ ಯೋಜನೆ ಅಡಿಯಲ್ಲಿ 2025ರ ಜುಲೈನಲ್ಲಿ ಎಲೆಕ್ಟ್ರಿಕ್ ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿದರು. ಅದಕ್ಕೂ ಹಳೆ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು, ಇದು ಒಳ್ಳೆಯದೇ. ಆದರೆ ಇಡೀ ದೇಶಕ್ಕೆ ಗುರಿ ಸುಮಾರು 5,600 ಲಾರಿ. ಉಳಿದ ದುಡ್ಡು ಹೊಂದಿಸೋ ತಾಕತ್ತು ದೊಡ್ಡ ಸಿಮೆಂಟ್ ಕಂಪನಿಗೆ ಇದ್ದೀತು, ಒಂದೇ ಲಾರಿ ಇಟ್ಟುಕೊಂಡಿರೋ ಮಾವನಿಗೆ ಎಲ್ಲಿಂದ ಬರಬೇಕು?

ಗಾಳಿ ಶುದ್ಧ ಮಾಡೋಕೆ ನಗರಗಳಿಗೆ ಹಣ ಕೊಡೋ ಕೇಂದ್ರದ ಕಾರ್ಯಕ್ರಮವೂ 2019ರಿಂದ ಇದೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಪಟ್ಟಿಯಲ್ಲಿವೆ. ಮೈಸೂರಿಲ್ಲ, ಮಂಡ್ಯವಂತೂ ಇಲ್ಲವೇ ಇಲ್ಲ. ಸರಾಸರಿ ತೆಗೆದರೆ ನಮ್ಮ ಗಾಳಿ ಚೆನ್ನಾಗಿಯೇ ಇರಬಹುದು. ಕಾರ್ಖಾನೆ ಗೇಟಿನ ಮುಂದೆ ಎಂಜಿನ್ ಆಫ್ ಮಾಡದೆ ಸಾಲಾಗಿ ನಿಂತ ಕಬ್ಬಿನ ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ಟೀ ಅಂಗಡಿ ಇಟ್ಟವರಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಗ್ರೀನ್ ಟ್ಯಾಕ್ಸ್ ಅಂತ ಹಳೆ ಗಾಡಿಯವರ ಹತ್ರ ವಸೂಲಿ ಮಾಡ್ತಾರಲ್ಲ, ಆ ದುಡ್ಡು ಜಿಲ್ಲೆಯಲ್ಲೇ ಉಳಿದು, ಇಂಥ ಒಂಟಿ ಲಾರಿಯವರ ಎಂಜಿನ್ ಬದಲಿಸೋಕೆ ಹೋಗಲಿ ಅನ್ನೋದೇ ನನ್ನ ವಾದ. ಕ್ಯಾಲಿಫೋರ್ನಿಯಾದಲ್ಲೂ ಹಣ ಬರೋದು ವಾಹನ ನೋಂದಣಿ, ಟೈರ್ ಮೇಲಿನ ಶುಲ್ಕದಿಂದಲೇ.

ಒಂದು ತೊಡಕಿದೆ, ಮುಚ್ಚಿಡೋದಿಲ್ಲ. ಅಲ್ಲಿನ ಲೆಕ್ಕ ಒಂದು ಟನ್ ಹೊಗೆ ತಗ್ಗಿಸೋಕೆ ಎಷ್ಟು ಡಾಲರ್ ಅನ್ನೋದು. ಜಾಸ್ತಿ ಓಡೋ ಗಾಡಿಗೆ ಜಾಸ್ತಿ ದುಡ್ಡು. ವರ್ಷದ ಅರ್ಧದಷ್ಟು ದಿನ ಮನೆ ಮುಂದೆ ನಿಲ್ಲೋ ಕಬ್ಬಿನ ಲಾರಿ ಆ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ನಮ್ಮಲ್ಲಿ ಮಾಡೋದಾದರೆ ಸೀಸನ್ ಗಾಡಿಗೆ ಬೇರೆ ತಕ್ಕಡಿ ಬೇಕು.

ಇದನ್ನೆಲ್ಲ ಮಾವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ತೂತು ಕೊರೆಯೋಕೆ ಮುಂಚೆ ದುಡ್ಡು ಕೊಡ್ತಾರಾ, ಆಮೇಲಾ?" ಅಂದರು. ಮುಂದಿನ ತಿಂಗಳು ಎಫ್‌ಸಿ ಇದೆ. ಸದ್ಯಕ್ಕೆ ಪಂಪ್ ಬಿಚ್ಚಿಸಿ ಗ್ಯಾರೇಜಿಗೆ ಕೊಟ್ಟಿದ್ದಾರೆ.