ಹಾರ್ನೆಟ್ ಕಟ್ಟುವ ಮುಂಚೆ ತಾರೀಖು ಗೊತ್ತುಮಾಡಿಕೊಳ್ಳಿ

ಯುಎಸ್‌ಎಸ್ ಹಾರ್ನೆಟ್, ಸಿವಿ-8. ಯಾರ್ಕ್‌ಟೌನ್ ವರ್ಗದ ಮೂರನೆಯ, ಕೊನೆಯ ವಿಮಾನವಾಹಕ ಹಡಗು. 1941ರ ಅಕ್ಟೋಬರ್ 20ಕ್ಕೆ ಅಮೆರಿಕದ ನೌಕಾಪಡೆ ಸೇರಿತು, 1942ರ ಅಕ್ಟೋಬರ್ 27ರ ಸರಿರಾತ್ರಿ ಕಳೆದ ಮೇಲೆ ಸಾಂಟಾ ಕ್ರೂಜ್ ದ್ವೀಪಗಳ ಹತ್ತಿರ ಮುಳುಗಿತು. ಒಂದು ವರ್ಷ, ಒಂದು ವಾರ. ಇಷ್ಟು ಅಲ್ಪಾಯುಷಿ ಹಡಗು ಹುಟ್ಟಿನಿಂದ ಸಾವಿನವರೆಗೆ ಒಂದೇ ಥರ ಇದ್ದಿರಬೇಕು ಅಂದುಕೊಂಡು ಅದರ ಪ್ಲಾಸ್ಟಿಕ್ ಮಾದರಿಯ ಕಿಟ್ ತೆರೆದರೆ ಅಲ್ಲೇ ಎಡವಿದಂತೆ. ಪೆಟ್ಟಿಗೆಯ ಚಿತ್ರ ಏಪ್ರಿಲ್‌ನದ್ದು, ಅಂಟಿಸುವ ಗುರುತುಗಳ ಡೆಕಲ್ ಹಾಳೆ ಜೂನ್‌ನದ್ದು, ರಾಡಾರ್ ಜುಲೈ ನಂತರದ್ದು ಅನ್ನುವಂಥ ಕಲಸುಮೇಲೋಗರ ಕಿಟ್‌ಗಳಲ್ಲಿ ಹೊಸದೇನಲ್ಲ.

ಈ ಬರಹ 1942ರ ಏಪ್ರಿಲ್ 18ರ ಹಾರ್ನೆಟ್ಟಿನದ್ದು. ಡೆಕ್ ಮೇಲೆ 16 ಬಿ-25 ಮಿಚೆಲ್ ಬಾಂಬರ್‌ಗಳು, ಮುಂದಾಳು ಡೂಲಿಟ್ಲ್, ಗುರಿ ಜಪಾನ್. ಈ ತಾರೀಖು ಹಿಡಿದರೆ ಕಿಟ್‌ನಲ್ಲಿ ಏನೇನು ಬದಲಾಗುತ್ತದೆ ನೋಡಿ. ನಾಲ್ಕು ನಳಿಗೆಯ 1.1 ಇಂಚಿನ ಗನ್‌ಗಳು ನಾಲ್ಕೇ. ಮೂತಿಯಲ್ಲಿರುವ ಐದನೆಯದು ಜುಲೈಯಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಕೂರಿಸಿದ್ದು. ಕಿಟ್ ಕೊಟ್ಟಿದ್ದರೆ ಬಿಟ್ಟುಬಿಡಿ, ತೂತಿದ್ದರೆ ಪುಟ್ಟಿ ತುಂಬಿ. ಐಲ್ಯಾಂಡ್, ಅಂದರೆ ಡೆಕ್ಕಿನ ಬಲಬದಿಯ ಗೋಪುರ, ಅದರ ಮೂರು ಕಾಲಿನ ಕಂಬದ ಮೇಲೆ ಎಸ್‌ಸಿ ರಾಡಾರ್ ಇರಬೇಕು. ಮಂಚದ ಜಾಲರಿಯಂತೆ ಕಾಣುವ ದೊಡ್ಡ ಸಿಎಕ್ಸ್‌ಎಎಂ ಬಂದದ್ದೂ ಅದೇ ಜುಲೈಯಲ್ಲಿ, ಅದೂ ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ್ದ ಕ್ಯಾಲಿಫೋರ್ನಿಯಾ ಯುದ್ಧನೌಕೆಯಿಂದ ಬಿಚ್ಚಿ ತಂದದ್ದು. ಡೆಕ್ಕಿನ ಕೆಳಗೆ ವಿಮಾನ ಇಡುವ ಹ್ಯಾಂಗರ್ ಒಳಗೆ ಅಡ್ಡಡ್ಡ ಹಾಕಿದ್ದ, ವಿಮಾನ ಚಿಮ್ಮಿಸುವ ಕ್ಯಾಟಪಲ್ಟ್ ಏಪ್ರಿಲ್‌ನಲ್ಲಿ ಇನ್ನೂ ಇತ್ತು, ಅದನ್ನು ಕಿತ್ತದ್ದೂ ಜುಲೈಯಲ್ಲೇ. ನೌಕಾಪಡೆಯ ವಿಮಾನಗಳ ನಕ್ಷತ್ರದ ನಡುವೆ ಕೆಂಪು ಚುಕ್ಕೆ, ಬಾಲದಲ್ಲಿ ಕೆಂಪು ಬಿಳಿ ಪಟ್ಟೆ. ಎರಡನ್ನೂ ಮೇ ತಿಂಗಳಲ್ಲಿ ಅಳಿಸಿದರು. ಹಾಗಾಗಿ ಜೂನ್‌ನ ಮಿಡ್‌ವೇ ಕದನದ ಡೆಕಲ್‌ಗಳು ಇಲ್ಲಿ ನಡೆಯುವುದಿಲ್ಲ.

ಅಳತೆಯ ಲೆಕ್ಕ: ಹಡಗಿನ ಪೂರ್ತಿ ಉದ್ದ ಸುಮಾರು 251 ಮೀಟರ್. 1/700ರಲ್ಲಿ 36 ಸೆಂ.ಮೀ., 1/350ರಲ್ಲಿ 72, 1/200ರಲ್ಲಿ 1 ಮೀಟರ್ 26 ಸೆಂ.ಮೀ. ಮೂರನೆಯದಕ್ಕೆ ಮೇಜಲ್ಲ, ಮಂಚ ಬೇಕು. ಮುಂದಿನ ಅಳತೆಗಳೆಲ್ಲ 1/350ಕ್ಕೆ. ಡಬ್ಬಿ ತೆರೆದ ಕೂಡಲೇ ಬಿ-25ಗಳನ್ನು ಎಣಿಸಿ. 16 ಇಲ್ಲದಿದ್ದರೆ ಬಿಡಿ ವಿಮಾನಗಳ ಸೆಟ್ ಈಗಲೇ ತರಿಸಿ, ಕಿಟ್ ಮುಗಿಯುವ ಹೊತ್ತಿಗೆ ಅದು ಸಿಗದೆ ಹೋಗಬಹುದು.

ಹಲ್, ಅಂದರೆ ಹಡಗಿನ ಒಡಲಿನಿಂದ ಶುರು. ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟುಗಳನ್ನು (ಸ್ಪ್ರೂ) ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಟೇಪಿನ ಜೊತೆಗೇ ಎದ್ದು ಬರುತ್ತದೆ. ಆಮೇಲೆ ಉದ್ದನೆಯ ಭಾಗಗಳನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ನೋಡಿ. ಮನೆಯಲ್ಲಿ ಅದಕ್ಕಿಂತ ಸಮತಟ್ಟಾದ ಜಾಗ ಇನ್ನೊಂದಿಲ್ಲ. ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಗ್ಗಿದರೆ ಭಾಗ ಬಾಗಿದೆ ಅಂತಲೇ ಅರ್ಥ. ಕೈ ತಾಳದಷ್ಟು ಬಿಸಿನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ಎದುರು ದಿಕ್ಕಿಗೆ ಸ್ವಲ್ಪ ಹೆಚ್ಚೇ ಬಗ್ಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಕುದಿಯುವ ನೀರು ಮಾತ್ರ ಬೇಡ, ಪಾಲಿಸ್ಟೈರಿನ್ ಅಲ್ಲಿ ಪೂರಾ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಎರಡು ಮಗ್ಗುಲು ಕೂಡುವ ಮೂತಿಯ ಸಂದಿಯಲ್ಲಿ ಅವಸರ ಮಾಡಿದವರೇ ಹೆಚ್ಚು. ತೆಳು ಸಿಮೆಂಟ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಆ ದ್ರಾವಕ ಒಳಗಿಂದ ಪೂರ್ತಿ ಆರಲು ದಿನಗಟ್ಟಲೆ ಬೇಕು, ಆರುತ್ತಾ ಸಂದಿ ಒಳಕ್ಕೆ ಕುಗ್ಗುತ್ತದೆ. ಮಾರನೆಯ ದಿನವೇ ಉಜ್ಜಿ ನುಣುಪು ಮಾಡಿದರೆ ವಾರ ಬಿಟ್ಟು ಬಣ್ಣದ ಕೆಳಗೆ ಅದೇ ಗೆರೆ ಮತ್ತೆ ಮೂಡುತ್ತದೆ. ಐದು ದಿನ ಬಿಟ್ಟು, 400ರ ವಾಟರ್ ಪೇಪರ್‌ನಿಂದ ಶುರುಮಾಡಿ 800, 1500ಕ್ಕೆ ಹೋಗಿ. ಒಳಗಡೆ ಅಡ್ಡ ಪಟ್ಟಿಗಳನ್ನು ಎಲ್ಲೂ ಬಿಡಬೇಡಿ. ಅವಿಲ್ಲದಿದ್ದರೆ ಹಲ್ ನಡುವೆ ಸೊಂಟ ಸಣ್ಣಗಾಗಿ, ಕೊನೆಗೆ ಫ್ಲೈಟ್ ಡೆಕ್ ಇಡುವಾಗ ಎರಡು ಮಿ.ಮೀ. ಕಂದಕ ಕಾಣುತ್ತದೆ.

ಹ್ಯಾಂಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ವರ್ಗದ ಹ್ಯಾಂಗರ್‌ಗೆ ಎರಡೂ ಕಡೆ ಮೇಲಕ್ಕೆ ಸುತ್ತಿಕೊಳ್ಳುವ ದೊಡ್ಡ ಶಟರ್‌ಗಳು. ಒಂದೆರಡು ತೆರೆದಿಟ್ಟರೆ ಚಂದ, ಒಳಗೆ ಬಿಳಿ ಬಣ್ಣ, ಅಲ್ಲಿ ವೈಲ್ಡ್‌ಕ್ಯಾಟ್, ಡಾಂಟ್‌ಲೆಸ್, ಡಿವಾಸ್ಟೇಟರ್ ತುಂಬಿಡಿ. ಬಾಂಬರ್‌ಗಳು ಡೆಕ್ ಆಕ್ರಮಿಸಿದ್ದರಿಂದ ಹಾರ್ನೆಟ್ಟಿನ ಸ್ವಂತ ವಿಮಾನಗಳೆಲ್ಲ ಕೆಳಗೆ ಸಿಕ್ಕಿಕೊಂಡಿದ್ದವು. ಆಕಾಶ ಕಾಯುವ ಕೆಲಸ ಜೊತೆಗಿದ್ದ ಇನ್ನೊಂದು ವಿಮಾನವಾಹಕ ಎಂಟರ್‌ಪ್ರೈಸ್‌ನದ್ದಾಯಿತು. ಅಂದರೆ ಡೆಕ್ ಮೇಲೆ ಬಿ-25 ಪಕ್ಕ ಒಂದು ವೈಲ್ಡ್‌ಕ್ಯಾಟ್ ನಿಲ್ಲಿಸಿದರೆ ಅದು ತಪ್ಪು, ಎಷ್ಟೇ ಮುದ್ದಾಗಿ ಕಂಡರೂ.

ಬಣ್ಣಕ್ಕೆ ಬರೋಣ. ಹಾರ್ನೆಟ್ಟಿನದ್ದು ಮೆಷರ್ 12 ಅನ್ನುವ ಮರೆಮಾಚುವ ಬಣ್ಣದ ವಿನ್ಯಾಸದ ಮಾರ್ಪಾಡು: ಸೀ ಬ್ಲೂ 5-ಎಸ್, ಓಷನ್ ಗ್ರೇ 5-ಒ, ಹೇಜ್ ಗ್ರೇ 5-ಎಚ್, ಮೂರೂ ಮೋಡದಂಥ ಮಚ್ಚೆಗಳಾಗಿ ಒಂದರೊಳಗೊಂದು ಹೊಕ್ಕಿರುತ್ತವೆ. ಕೆಳಗೆ ಕಡು, ಮೇಲೆ ತಿಳಿ. ಆಗಿನ ಈ ಬಣ್ಣಗಳೆಲ್ಲ ಬಿಳಿಗೆ ನೇರಳೆ ಛಾಯೆಯ ನೀಲಿ ಬೆರೆಸಿ ಮಾಡಿದವು. ಅಂಗಡಿಯಲ್ಲಿ ಸಿಗುವ ಹೇಜ್ ಗ್ರೇ ಶೀಶೆ ಇವತ್ತಿನ ಅಮೆರಿಕನ್ ಹಡಗಿಗೆ ಮಾಡಿದ್ದಾಗಿದ್ದರೆ ಅದರಲ್ಲಿ ಆ ನೀಲಿ ಇರುವುದಿಲ್ಲ, ಬಳಿದ ಮೇಲೆ ಸಿಮೆಂಟ್ ಗೋಡೆಯಂತೆ ಕಾಣುತ್ತದೆ. ಶೀಶೆಯ ಮೇಲೆ 5-ಎಚ್ ಅಂತ ಇದೆಯಾ ನೋಡಿ ತನ್ನಿ.

ತಿಳಿ ಬಣ್ಣದಿಂದ ಶುರು ಮಾಡಿ ಕಡುವಿಗೆ ಇಳಿಯಿರಿ. ಮೊದಲು ಇಡೀ ಮಗ್ಗುಲಿಗೆ 5-ಎಚ್, ಒಂದು ದಿನ ಬಿಟ್ಟು ಮಾಸ್ಕ್ (ಉಳಿಯಬೇಕಾದ ಜಾಗಕ್ಕೆ ಟೇಪ್), 5-ಒ, ಮತ್ತೆ ಮಾಸ್ಕ್, 5-ಎಸ್. ನೇರ ಏರ್‌ಬ್ರಷ್‌ನಲ್ಲೇ ಮಚ್ಚೆ ಬಿಡಿಸಿದರೆ ಅಂಚು ಒಂದು ಮಿ.ಮೀ. ಮಸುಕಾಗುತ್ತದೆ. ಒಂದು ಮಿ.ಮೀ. ಅಂದರೆ ನಿಜವಾದ ಹಡಗಿನಲ್ಲಿ 35 ಸೆಂ.ಮೀ. ಹಡಗಿನ ಮಗ್ಗುಲಿಗೆ ಬಣ್ಣ ಬಳಿದವರು ಅಂಚನ್ನು ಒಂದು ಮೊಳ ಮಸುಕು ಮಾಡುತ್ತಾ ಕೂತಿರಲಿಲ್ಲ. ಅದಕ್ಕೇ ಟೇಪನ್ನು ಗಾಜಿನ ಮೇಲಂಟಿಸಿ, ಮಚ್ಚೆಯ ಆಕಾರಕ್ಕೆ ಕತ್ತರಿಸಿ, ತೆಗೆದು ಹಲ್‌ಗೆ ಹಚ್ಚಿ. ಎಡ ಬಲ ಮಗ್ಗುಲಿನ ಮಚ್ಚೆಗಳು ಬೇರೆ ಬೇರೆ, ಕನ್ನಡಿ ಬಿಂಬದಂತೆ ನಕಲು ಮಾಡಬೇಡಿ. ಅಕ್ರಿಲಿಕ್ ಬಣ್ಣವಾದರೆ ಬಣ್ಣ ಒಂದು ಪಾಲು, ಥಿನ್ನರ್ ಒಂದರಿಂದ ಒಂದೂವರೆ ಪಾಲು, ಒತ್ತಡ 15 ಪಿಎಸ್‌ಐ ಆಸುಪಾಸು. ಮಂಗಳೂರು ಕಡೆಯವರು ಲ್ಯಾಕರ್ ಹೊಡೆಯುವುದಾದರೆ ಮಳೆಗಾಲದ ದಿನ ಬೇಡ. ಥಿನ್ನರ್ ಆವಿಯಾಗುವ ತಂಪಿಗೆ ಗಾಳಿಯ ತೇವ ಬಣ್ಣದ ಮೇಲೆ ಕೂತು ಬಿಳಿಚಿಕೊಳ್ಳುತ್ತದೆ.

ಇನ್ನು ಫ್ಲೈಟ್ ಡೆಕ್. ನೋಡುವವರ ಕಣ್ಣು ಮುಕ್ಕಾಲು ಪಾಲು ಇದರ ಮೇಲೇ ಬೀಳುತ್ತದೆ. ಅಮೆರಿಕದ ಹಡಗುಗಳಲ್ಲಿ ಡೆಕ್ಕಿನ ಮರದ ಹಲಗೆಗಳು ಅಡ್ಡಕ್ಕೆ, ಜಪಾನಿನವುಗಳಲ್ಲಿ ಉದ್ದಕ್ಕೆ. ಕಿಟ್‌ನ ಡೆಕ್ ಎರಡು ಮೂರು ತುಂಡಾಗಿ ಬಂದರೆ ಅಡ್ಡ ಹಲಗೆ ನಿಮಗೆ ವರವೇ: ಜೋಡಣೆಯ ಸಂದಿಯೂ ಅಡ್ಡಕ್ಕೇ ಬರುವುದರಿಂದ ಒಂದು ಹಲಗೆಯ ಗೆರೆಯಾಗಿ ಮರೆಯಾಗಬಹುದು. ಡೆಕ್ಕನ್ನು ಗ್ರಾನೈಟ್ ಮೇಲೆ ಬೋರಲು ಹಾಕಿ, ತುಂಡುಗಳನ್ನು ಒತ್ತಿ ಅಂಟಿಸಿ, ಅಡಿಯಲ್ಲಿ ಸಂದಿಗೆ ಅಡ್ಡಲಾಗಿ 2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಪಟ್ಟಿ ಕೊಡಿ. ಮೇಲೆ ಪುಟ್ಟಿ ಬಳಿದರೆ ಪಕ್ಕದ ಹತ್ತು ಹಲಗೆಗಳ ಗೆರೆಯೂ ಮುಚ್ಚಿಹೋಗುತ್ತದೆ. ಸಂದಿಯ ಎರಡೂ ಬದಿ ಟೇಪ್ ಹಚ್ಚಿ, ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಕಲಸಿ ಹಲ್ಲುಕಡ್ಡಿಯಿಂದ ತುಂಬಿ, ಒಂದು ಗಂಟೆಯೊಳಗೇ ಉಜ್ಜಿ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜಿದಾಗ ಪಕ್ಕದ ಹಲಗೆಯೇ ಸವೆಯುತ್ತದೆ.

ಲೇಸರ್‌ನಲ್ಲಿ ಕತ್ತರಿಸಿದ ನಿಜವಾದ ಮರದ ಡೆಕ್ ಸ್ಟಿಕ್ಕರ್‌ಗಳು ಸಿಗುತ್ತವೆ. ಈ ಹಡಗಿಗೆ ದುಡ್ಡು ದಂಡ. 1942ರಲ್ಲಿ ಡೆಕ್ ಮರದ ಬಣ್ಣದಲ್ಲಿರಲಿಲ್ಲ, ನಾರ್ಫೋಕ್ 250-ಎನ್ ಅನ್ನುವ ನೀಲಿ ಬೂದು ಸ್ಟೇನ್ ಕುಡಿದಿತ್ತು. ಸ್ಟೇನ್ ಎಲ್ಲ ಹಲಗೆಯಲ್ಲೂ ಒಂದೇ ಸಮ ಹಿಡಿಯುವುದಿಲ್ಲ, ಹಿಡಿದದ್ದೂ ಒಂದೇ ಸಮ ಸವೆಯುವುದಿಲ್ಲ. ಮೂಲ ಬಣ್ಣ ಹೊಡೆದ ಮೇಲೆ ಅದಕ್ಕೇ ಚೂರು ತಿಳಿ ಬೂದು ಸೇರಿಸಿ ಒಂದಷ್ಟು ಹಲಗೆ, ಚೂರು ಕಂದು ಸೇರಿಸಿ ಇನ್ನೊಂದಷ್ಟು ಹಲಗೆ. ವ್ಯತ್ಯಾಸ ಒಂದಡಿ ದೂರದಿಂದ ಕಾಣಬೇಕು, ನಾಲ್ಕಡಿಯಿಂದ ಕಾಣಬಾರದು. ಪಿಯಾನೋ ಮಣೆಯಂತೆ ಕಂಡರೆ ಕೈ ಮೀರಿದೆ ಅಂತ.

ಏಪ್ರಿಲ್ 18ರ ಗುರುತು ಅಂದರೆ ಡೆಕ್ ಮೇಲಿನ ಎರಡು ಬಿಳಿ ಗೆರೆಗಳು. ಒಂದು ಬಿ-25ರ ಮುಂಚಕ್ರಕ್ಕೆ, ಇನ್ನೊಂದು ಎಡಚಕ್ರಕ್ಕೆ. ಪೈಲಟ್ ಅವುಗಳ ಮೇಲೇ ಓಡಿಸಿದರೆ ಬಲ ರೆಕ್ಕೆಯ ತುದಿಗೂ ಐಲ್ಯಾಂಡ್‌ಗೂ ನಡುವೆ ಆರು ಅಡಿ ಜಾಗ ಉಳಿಯುತ್ತಿತ್ತು. ಮಾದರಿಯಲ್ಲಿ ಅದು 5 ಮಿ.ಮೀ. ಹಾಗಾಗಿ ಗೆರೆಯನ್ನು ಕಣ್ಣಂದಾಜಿನಲ್ಲಿ ಎಳೆಯಬೇಡಿ. ಮೊದಲು ಒಂದು ಬಿ-25 ಪೂರ್ತಿ ಜೋಡಿಸಿ, ಐಲ್ಯಾಂಡನ್ನು ಅಂಟಿಲ್ಲದೆ ನಿಲ್ಲಿಸಿ, ನಡುವೆ 5 ಮಿ.ಮೀ. ಬಿಟ್ಟು ವಿಮಾನ ಇಟ್ಟು, ಎರಡು ಚಕ್ರ ಕೂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಗುರುತೇ ಗೆರೆ.

ಕಡು ನೀಲಿಯ ಮೇಲೆ ಬಿಳಿ ಹೊಡೆದರೆ ನಾಲ್ಕು ಕೋಟ್ ಬೇಕು, ಗೆರೆ ಉಬ್ಬಿ ನಿಲ್ಲುತ್ತದೆ. ಬಿಳಿಯನ್ನೇ ಮೊದಲು ಹೊಡೆದು, ಅದರ ಮೇಲೆ ಗೆರೆಯಷ್ಟೇ ಸಪೂರದ ಟೇಪ್ ಹಚ್ಚಿ, ಆಮೇಲೆ ನೀಲಿ. ಇಲ್ಲೊಂದು ಪೇಚಿದೆ. ಗೆರೆ ಉದ್ದಕ್ಕೆ, ಹಲಗೆಯ ಸಂದಿ ಅಡ್ಡಕ್ಕೆ. ಅಂದರೆ ಟೇಪಿನ ಅಡಿಯಲ್ಲಿ ನೂರಾರು ಸಣ್ಣ ಕಾಲುವೆಗಳು ಹಾಯುತ್ತವೆ, ಪ್ರತಿಯೊಂದರಲ್ಲೂ ನೀಲಿ ಒಳಕ್ಕೆ ನುಸುಳಿ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಟೇಪ್ ಹಚ್ಚಿದ ಮೇಲೆ ಉಗುರಿನಿಂದಲ್ಲ, ಮೊನೆ ಮೊಂಡು ಮಾಡಿದ ಹಲ್ಲುಕಡ್ಡಿಯಿಂದ ಪ್ರತಿ ಸಂದಿಗೂ ಒತ್ತಿ. ಆಮೇಲೆ ಟೇಪಿನ ಅಂಚಿಗೆ ಮತ್ತೊಂದು ತೆಳು ಕೋಟ್ ಬಿಳಿಯನ್ನೇ ಹೊಡೆಯಿರಿ. ನುಸುಳುವುದಿದ್ದರೆ ಬಿಳಿಯೇ ನುಸುಳಿ ದಾರಿ ಮುಚ್ಚಲಿ. ನೀಲಿ ಆಮೇಲೆ. ಟೇಪ್ ಕೀಳುವುದು ಬಣ್ಣ ಪೂರ್ತಿ ಒಣಗುವ ಮುಂಚೆ, ಡೆಕ್ಕಿಗೆ ಒರಗಿಸಿಕೊಂಡು ಹಿಂದಕ್ಕೆ ಎಳೆಯುತ್ತಾ.

ಹಲಗೆಗಳ ಸಂದಿಯಲ್ಲಿ ಕೊಳೆ ತೋರಿಸಲು ಆಯಿಲ್ ಪೇಂಟ್ ವಾಷ್ (ಥಿನ್ನರ್‌ನಲ್ಲಿ ನೀರಾಗಿಸಿದ ಬಣ್ಣ) ಕೊಡುವುದಾದರೆ ಮೊದಲು ಹೊಳಪಿನ ಕ್ಲಿಯರ್ ಕೋಟ್ ಇರಲಿ. ಥಿನ್ನರ್ ಬರಿಯ ಪ್ಲಾಸ್ಟಿಕ್ಕಿನ ಬಾಗಿದ ಜಾಗಕ್ಕೆ ಇಳಿದರೆ ಅಲ್ಲಿ ಬಿರುಕು ಬಿಡುತ್ತದೆ. ಬಿಸಿನೀರಿನಲ್ಲಿ ನೆಟ್ಟಗೆ ಮಾಡಿದ ಡೆಕ್ಕಿಗೆ ಈ ಅಪಾಯ ಹೆಚ್ಚು.

ಫೋಟೋ ಎಚ್, ಅಂದರೆ ರಾಸಾಯನಿಕದಲ್ಲಿ ಕೊರೆದ ತೆಳು ಹಿತ್ತಾಳೆ ಭಾಗಗಳಲ್ಲಿ ರಾಡಾರ್, ಕ್ರೇನ್, ಕ್ಯಾಟ್‌ವಾಕ್ ಕಟಕಟೆ ಇಷ್ಟಾದರೂ ಹಾಕಿ. ಉಳಿದದ್ದು ನಿಮ್ಮ ಕಣ್ಣಿನ ಶಕ್ತಿಗೆ ಬಿಟ್ಟದ್ದು. ಕಟಕಟೆ ಮೂಲೆಗಳಲ್ಲಿ ಬಗ್ಗದೆ ಚಿಮ್ಮುತ್ತಿದ್ದರೆ ಹಾಳೆಯನ್ನು ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಹಿಡಿದು ತಣಿಯಲು ಬಿಡಿ, ಹಿತ್ತಾಳೆ ಮೆತ್ತಗಾಗುತ್ತದೆ. ಕತ್ತರಿಸುವುದು ಟೈಲ್ಸ್ ತುಂಡಿನ ಮೇಲೆ. ಕಟಿಂಗ್ ಮ್ಯಾಟ್ ಒತ್ತಡಕ್ಕೆ ಕುಸಿದು ಭಾಗ ಬಾಗುತ್ತದೆ, ಇಲ್ಲವೇ ಹಾರಿ ಹೋಗುತ್ತದೆ. ಸೂಪರ್ ಗ್ಲೂವನ್ನು ಹನಿಯಾಗಿ ಹಾಕದೆ ಸೂಜಿಯ ಮೊನೆಯಲ್ಲಿ ಮುಟ್ಟಿಸಿ, ಹೆಚ್ಚಾದರೆ ಸುತ್ತ ಬಿಳಿ ಬೂಷ್ಟಿನಂತೆ ಕಟ್ಟುತ್ತದೆ. ಡೆಕ್ಕಿನ ಅಂಚಿನ ಜಾಲರಿ ರೇಡಿಯೋ ಕಂಬಗಳನ್ನು ನೆಟ್ಟಗೆ ನಿಲ್ಲಿಸಬೇಡಿ. ವಿಮಾನ ಹಾರಿಸುವಾಗ ಅವನ್ನು ಹೊರಕ್ಕೆ ಮಲಗಿಸುತ್ತಿದ್ದರು.

ಬಿ-25ಗಳು. ರೆಕ್ಕೆಯ ಅಗಲ ತುದಿಯಿಂದ ತುದಿಗೆ 5.9 ಸೆಂ.ಮೀ. ಮೂರು ಚಕ್ರದ ವಿಮಾನ, ಹಿಂಭಾರ ಹೆಚ್ಚು, ಮುಂಚಕ್ರ ಎತ್ತಿಕೊಂಡು ಬಾಲದ ಮೇಲೆ ಕೂರುತ್ತದೆ. ಎರಡು ಮಗ್ಗುಲು ಅಂಟಿಸುವ ಮುಂಚೆ ಮೂತಿಯೊಳಗೆ ಮೀನಿನ ಗಾಳದ ಸೀಸದ ಚೂರು ಹಾಕಿ. ಮೂತಿ ಗಾಜಾದ್ದರಿಂದ ಸೀಸ ಕಾಕ್‌ಪಿಟ್‌ನ ಹಿಂದೆ ಕೂರಲಿ. ಜಾಗವಿಲ್ಲದಿದ್ದರೆ ಮುಂಚಕ್ರವನ್ನೇ ಡೆಕ್ಕಿಗೆ ಅಂಟಿಸಿ. ಇಡೀ ವಿಮಾನ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿದ್ದರೆ ಕಿಟಕಿಗಳಿಗೆ ಮಾಸ್ಕಿಂಗ್ ದ್ರವ ಹಚ್ಚಿ, ಉಳಿದದ್ದಕ್ಕೆ ಬಣ್ಣ. ಇಲ್ಲಿ ಸೂಪರ್ ಗ್ಲೂ ಮುಟ್ಟಲೇಬೇಡಿ, ಗಾಜು ಮಂಜುಗಟ್ಟುತ್ತದೆ. ಬಣ್ಣ ಸೇನೆಯದು: ಮೇಲೆ ಆಲಿವ್ ಡ್ರಾಬ್, ಕೆಳಗೆ ನ್ಯೂಟ್ರಲ್ ಗ್ರೇ. ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದೆ, ಬಾಲದ ಪಟ್ಟೆ ಇಲ್ಲ, ಅದು ನೌಕಾಪಡೆಯವರದ್ದು. ಬಾಲದ ತುದಿಗೆ ಎರಡು ಕಪ್ಪು ನಳಿಗೆ ಅಂಟಿಸಿ. ಅವು ಗನ್ ಅಲ್ಲ, ಶತ್ರುವನ್ನು ಹೆದರಿಸಲು ಕಪ್ಪು ಬಳಿದ ಪೊರಕೆ ಹಿಡಿಗಳು. ಹೊಟ್ಟೆಯ ಕೆಳಗಿನ ತಿರುಗುವ ಗನ್ ಗೂಡು, ಟರೆಟ್, ಬಿಚ್ಚಿ ಹಾಕಿದ್ದರು, ಅದನ್ನು ಅಂಟಿಸಬೇಡಿ. ಫ್ಯಾನಿಗೆ ಬದಲು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ ತಿರುಗುವಂತೆ ತೋರಿಸುವವರಿದ್ದಾರೆ, ಹದಿನಾರೂ ವಿಮಾನ ಎರಡೆರಡು ಕಾಸು ಕಚ್ಚಿಕೊಂಡಂತೆ ಕಾಣುತ್ತದೆ.

ನಿಲ್ಲಿಸುವಾಗ ಹಡಗಿನ ಮೂತಿಯಿಂದ ಹಿಂದಕ್ಕೆ ಅಳೆಯಿರಿ. ಡೂಲಿಟ್ಲ್‌ನ ಮೊದಲ ವಿಮಾನಕ್ಕೆ ಓಡಲು ಸಿಕ್ಕಿದ್ದು 467 ಅಡಿ, ಅಂದರೆ ಇಲ್ಲಿ 40.7 ಸೆಂ.ಮೀ. ಅಲ್ಲಿಗೆ ಅದರ ಚಕ್ರಗಳನ್ನು ಬಿಳಿ ಗೆರೆಯ ಮೇಲೆ ಕೂರಿಸಿ, ಉಳಿದ 15ನ್ನು ಅದರ ಹಿಂದೆ ರೆಕ್ಕೆಯ ಮೇಲೆ ರೆಕ್ಕೆ ಹಾಯುವಂತೆ ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ತುರುಕಬೇಕು. ಅಂಟಿಲ್ಲದೆ ಎಲ್ಲವನ್ನೂ ಒಮ್ಮೆ ಜೋಡಿಸಿ, ಮೇಲಿನಿಂದ ಫೋಟೋ ತೆಗೆದುಕೊಂಡು, ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಅಂಟಿಸುತ್ತಾ ಬನ್ನಿ. ಹದಿನಾರನೆಯದರ ಬಾಲ ಡೆಕ್ಕಿನ ಹಿಂದಿನ ಅಂಚು ದಾಟಿ ನೀರಿನ ಮೇಲೆ ಚಾಚಿರಬೇಕು. ಚಾಚದೆ ಆರಾಮಾಗಿ ಒಳಗೇ ಹಿಡಿಸಿದರೆ ವಿಮಾನಗಳ ನಡುವೆ ಎಲ್ಲೋ ಹೆಚ್ಚು ಜಾಗ ಬಿಟ್ಟಿದ್ದೀರಿ, ಅಂಟು ಹಿಡಿಯುವ ಮುಂಚೆ ಮತ್ತೊಮ್ಮೆ ಅಳೆಯಿರಿ.