ಇಷ್ಟು ಗಾಯಕ್ಕೆ ಇಷ್ಟೊಂದು ನೋವಾ?

ಮಂಗಳವಾರ ಬೆಳಿಗ್ಗೆ ನಾನೇ ಕೇಳಿದ್ದು. "ಇಷ್ಟು ಗಾಯಕ್ಕೆ ಇಷ್ಟೊಂದು ನೋವಾ ಚಿಕ್ಕಮ್ಮ?"

"ನೋವು ಗಾಯದಲ್ಲಿಲ್ಲ ಕಣೇ, ಒಳಗಿದೆ" ಅಂದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಆ ತಿರುಗಿದ ಬೆನ್ನು ಈ ವಾರವೆಲ್ಲ ನನ್ನ ಕಣ್ಣ ಮುಂದೆಯೇ ಇದೆ.

ಚಿಕ್ಕಮ್ಮನ ಎರಡು ಹೆರಿಗೆಯೂ ಸಿಸೇರಿಯನ್. ಆ ಹಳೆಯ ಹೊಲಿಗೆಯ ಜಾಗದಲ್ಲೇ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದು ಉಬ್ಬಿ ಹರ್ನಿಯಾ ಆಗಿತ್ತು. ಮಗ ಬೆಂಗಳೂರಿನಲ್ಲೇ ರೋಬೋಟಿಕ್ ಆಪರೇಷನ್ ಮಾಡಿಸಿದ. ಹೋದ ವಾರ ಗುರುವಾರ ಆಪರೇಷನ್, ಭಾನುವಾರ ಕ್ಯಾತ್ಸಂದ್ರದ ಮನೆಗೆ ವಾಪಸ್. ಹೊಟ್ಟೆಯ ಪಕ್ಕದಲ್ಲಿ ಮೂರೇ ತೂತು. ಒಂದೊಂದೂ 8 ಮಿಲಿಮೀಟರ್, ಕಡಲೆಕಾಳಿನಷ್ಟು. ಚಿಕ್ಕಪ್ಪ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, "ರೋಬೋಟ್ ಮಾಡಿದ್ದು, ನೋಡಿ, ರಕ್ತವೇ ಇಲ್ಲ." ಅವರು ಒಳ್ಳೆಯವರು. ಆದರೆ ಹೆಂಡತಿಯ ಮುಖ ನೋಡುವುದಕ್ಕಿಂತ ಆ ತೂತು ತೋರಿಸುವುದರಲ್ಲೇ ಜಾಸ್ತಿ ಇದ್ದರು.

ಮೊದಲ ಎರಡು ದಿನ ಭುಜ ನೋವು. ಅದು ಮಾಮೂಲಿ ಅಂತ ಆಸ್ಪತ್ರೆಯಲ್ಲೇ ಹೇಳಿದ್ದರು. ಕೆಲಸ ಮಾಡಲು ಜಾಗ ಬೇಕು ಅಂತ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಸ್ವಲ್ಪ ಉಳಿದರೆ ಅದು ಎದೆಗೂ ಹೊಟ್ಟೆಗೂ ನಡುವಿನ ಪದರವಾದ ವಪೆಯನ್ನು ಕೆಣಕಿ ಭುಜಕ್ಕೆ ನೋವು ಬರುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಅದು ಹಾಗೇ ಹೋಯಿತು. ನಾವು ಮಾತ್ರ "ಗ್ಯಾಸ್" ಅನ್ನೋ ಪದ ಹಿಡಿದುಕೊಂಡೆವು. ಹೊಟ್ಟೆ ಉಬ್ಬಿತು, ಗ್ಯಾಸ್ ಅಂದೆವು. ವಾಕರಿಕೆ ಬಂತು, ಗ್ಯಾಸ್ ಅಂದೆವು. ಓಂಕಾಳು ಕುದಿಸಿ ಕುಡಿಸಿದೆವು. ತಟ್ಟೆ ಇಡ್ಲಿ ಅಂದರೆ ಪ್ರಾಣ ಬಿಡುವ ಚಿಕ್ಕಮ್ಮ ಒಂದು ತುತ್ತು ತಿಂದು ತಟ್ಟೆ ಸರಿಸಿದಾಗಲಾದರೂ ನನಗೆ ಹೊಳೆಯಬೇಕಿತ್ತು.

ಆಸ್ಪತ್ರೆಗೆ ಫೋನ್ ಮಾಡಿದೆ. "ಆಪರೇಷನ್ ಆದ್ಮೇಲೆ ನೋವು ಇದ್ದೇ ಇರುತ್ತೆ ಮೇಡಂ, ಬರೆದುಕೊಟ್ಟಿರೋ ಮಾತ್ರೆ ಕೊಡಿ" ಅಂದಳು ಹುಡುಗಿ. ಮಾತ್ರೆ ಕೊಟ್ಟೆವು. ಎರಡು ಗಂಟೆ ಸುಮ್ನೆ ಮಲಗಿದರು. ಸರಿಹೋಯಿತು ಅಂದುಕೊಂಡೆವು.

ಸಂಜೆ ಎದುರು ಮನೆ ಅಕ್ಕ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವರು. ಗಾಯದ ಕಡೆ ನೋಡಲೇ ಇಲ್ಲ. ಕೈ ಹಿಡಿದು ನಾಡಿ ಎಣಿಸಿದರು, 120ರ ಹತ್ತಿರ ಇತ್ತು. ಆಮೇಲೆ ಒಂದೇ ಪ್ರಶ್ನೆ: "ನಿನ್ನೆಗಿಂತ ಇವತ್ತು ನೋವು ಕಮ್ಮಿನಾ, ಜಾಸ್ತಿನಾ?"

"ಜಾಸ್ತಿ ಅಕ್ಕ."

"ಹೊರಡಿ" ಅಂದರು. ಅಷ್ಟೇ.

ಡಾಬಸ್‌ಪೇಟೆ ದಾಟುವಾಗ ಮೈ ಕೆಂಡದಂತಿತ್ತು. ರಾತ್ರಿ ಸ್ಕ್ಯಾನ್ ಮಾಡಿದರು. ಕರುಳಿನಲ್ಲಿ ತೂತು. ಬೆಳಗಿನ ಜಾವ ಹೊಟ್ಟೆ ತೆರೆದು, ತೊಳೆದು, ಹಾಳಾದ ಕರುಳಿನ ತುಂಡು ತೆಗೆದು ಮತ್ತೆ ಜೋಡಿಸಿದರು. ಸೋಂಕು ತಗುಲಿದ್ದರಿಂದ ಹರ್ನಿಯಾಗೆ ಹಾಕಿದ್ದ ಮೆಶ್, ಅಂದರೆ ಆಸರೆಯ ಬಲೆ, ಅದನ್ನೂ ತೆಗೆದರು.

"ರೋಬೋಟ್ ತಪ್ಪು ಮಾಡ್ತಾ ಸಾರ್?" ಅಂತ ಚಿಕ್ಕಪ್ಪ ಕೇಳಿದರು. ಡಾಕ್ಟರು ನುಣುಚಿಕೊಳ್ಳಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ ಇದೆ. "ಯಂತ್ರ ತಾನಾಗಿ ಏನೂ ಮಾಡಲ್ಲ. ಅದೇ ರೂಮಲ್ಲಿ ಕೂತು ನಡೆಸಿದ್ದು ನಾನೇ" ಅಂದರು. ಹಳೆಯ ಹೊಲಿಗೆಗೆ ಕರುಳು ಅಂಟಿಕೊಂಡಿತ್ತಂತೆ. ಬಿಡಿಸುವಾಗ ಉಪಕರಣದ ಬಿಸಿ ತಾಗಿರಬಹುದು. ಆಗಲೇ ತೂತು ಬಿದ್ದಿದ್ದರೆ ಕಾಣುತ್ತಿತ್ತು. ಸುಟ್ಟ ಜಾಗ ಕೆಲವು ದಿನ ತಡೆದು ಆಮೇಲೆ ಒಡೆಯುತ್ತದೆ. ರೋಬೋಟ್ ಇಲ್ಲದೆ ಸಣ್ಣ ತೂತಿನಲ್ಲಿ ಮಾಡುವ ಮಾಮೂಲಿ ಲ್ಯಾಪರೋಸ್ಕೋಪಿಯಲ್ಲೂ ಹೀಗಾಗಬಹುದು. ಇಂಥ ಹೆಚ್ಚಿನ ಯಂತ್ರಗಳಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ, ಎಳೆದಿದ್ದೇವೆ ಅನ್ನುವುದು ಕೈಗೆ ತಿಳಿಯುವುದಿಲ್ಲ, ಕಣ್ಣಲ್ಲೇ ಅಂದಾಜು ಮಾಡಬೇಕು ಅಂತಲೂ ಹೇಳಿದರು.

ಅವರಿಗೆ ಯಂತ್ರದ ಮೂಲಕ ಮುಟ್ಟಬೇಕಿತ್ತು. ನಮಗೆ ಹಾಗಿರಲಿಲ್ಲ. ಚಿಕ್ಕಮ್ಮ ಕೈಗೆಟುಕುವಷ್ಟು ಹತ್ತಿರದಲ್ಲೇ ಮಲಗಿದ್ದರು, ಬಾಯಿಬಿಟ್ಟು ಹೇಳಿದ್ದರು. ನಾವು ಹೊರಗಿನ ಗಾಯ ಅಳೆದು ಒಳಗಿನ ನೋವನ್ನು ತೀರ್ಮಾನಿಸಿದೆವು. ಹೆಂಗಸರು ನೋವು ಅಂದಾಗ ನಮ್ಮ ಮನೆಗಳಲ್ಲಿ ಇದು ಹೊಸದೂ ಅಲ್ಲ, ಅಲ್ವಾ? ಆ ಎರಡು ಹೆರಿಗೆಯಲ್ಲೂ ಚಿಕ್ಕಮ್ಮ ಇದನ್ನೇ ಕೇಳಿಸಿಕೊಂಡಿರಬೇಕು. ಈ ಸಲ ಹೇಳಿದ್ದು ನಾನು.

ಶುಕ್ರವಾರ ಆಸ್ಪತ್ರೆಯ ಬಿಲ್ಲು ಹುಡುಕುವಾಗ ಮೊದಲ ಡಿಸ್ಚಾರ್ಜ್ ಕಾಗದ ಸಿಕ್ಕಿತು. ಮೂರನೇ ಪುಟದ ಕೊನೆಯಲ್ಲಿ ಎಲ್ಲವೂ ಇತ್ತು. ಜ್ವರ, ವಾಂತಿ, ಹೊಟ್ಟೆ ಉಬ್ಬರ, ಹೆಚ್ಚುತ್ತಾ ಹೋಗುವ ನೋವು ಇದ್ದರೆ ತಕ್ಷಣ ಬನ್ನಿ ಅಂತ. ಪೂರ್ತಿ ಇಂಗ್ಲಿಷಿನಲ್ಲಿ, ಚಿಕ್ಕ ಅಕ್ಷರದಲ್ಲಿ. ಚಿಕ್ಕಪ್ಪ ಓದಿರುವುದು ಏಳನೇ ಕ್ಲಾಸು, ಕನ್ನಡದಲ್ಲಿ. ಲಕ್ಷಗಟ್ಟಲೆ ತೆಗೆದುಕೊಳ್ಳುವವರು ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಕೊಡಬೇಕಿತ್ತು. ಓದಬಲ್ಲ ನಾನು ಆ ಪುಟ ತಿರುಗಿಸಬೇಕಿತ್ತು.

ಅದನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದೆ. ಮೇಲೆ ಅಕ್ಕನ ಪ್ರಶ್ನೆ ಬರೆದೆ.

ಇವತ್ತು ಚಿಕ್ಕಮ್ಮನನ್ನು ನೋಡಿ ಬಂದೆ. ಮೂಗಿನಲ್ಲಿ ಟ್ಯೂಬ್ ಇದೆ, ಮಾತು ಕಷ್ಟ. "ನಿನ್ನೆಗಿಂತ ಕಮ್ಮಿನಾ ಚಿಕ್ಕಮ್ಮ?" ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹೆಬ್ಬೆರಳು, ತೋರುಬೆರಳು ಹತ್ತಿರ ತಂದು, ಒಂಚೂರು ಅಂತ ತೋರಿಸಿದರು.